ಎರಡು ಬಗೆಯ ಮೆತ್ತನೆ: ಒಂದು ಕಾರಿನ ಬ್ರೇಕಿನ ಪ್ರಕರಣ

ಜುಲೈ ತಿಂಗಳ ಎರಡನೆಯ ವಾರ. ತೀರ್ಥಹಳ್ಳಿಯಲ್ಲಿ ಮಳೆ ಹಿಡಿಯಿತೆಂದರೆ ಗ್ಯಾರೇಜಿನ ತಗಡಿನ ಸದ್ದಿಗೆ ಗಿರಾಕಿಯ ಮಾತು ಅರ್ಧದಷ್ಟೇ ಕೇಳಿಸುತ್ತದೆ. ಮೇಷ್ಟ್ರು ಹೇಳಿದ್ದರಲ್ಲಿ ನನ್ನ ಕಿವಿಗೆ ಬಿದ್ದ ಅರ್ಧ ಇಷ್ಟು: "ಬ್ರೇಕ್ ಮೆತ್ತಗಾಗಿದೆ, ಹಿಂದಿನ ಚಕ್ರ ಹಿಡಿಯುವುದೇ ಇಲ್ಲ." ಬೀಳದ ಅರ್ಧದಲ್ಲಿಯೇ ರೋಗದ ಬೇರು ಇತ್ತೆಂದು ತಿಳಿಯಲು ನನಗೆ ಎರಡು ದಿನ ಬೇಕಾಯಿತು.

ಕಾರು 2007ರ ಮಾದರಿಯದು. ಐದು ಬಾಗಿಲಿನ ಚಿಕ್ಕ ಪೆಟ್ರೋಲ್ ಗಾಡಿ. ಮುಂದೆ ಡಿಸ್ಕ್: ಚಕ್ರದೊಡನೆ ತಿರುಗುವ ತಟ್ಟೆಯನ್ನು ಎರಡು ಪ್ಯಾಡುಗಳು ಅದುಮಿ ಹಿಡಿಯುತ್ತವೆ. ಹಿಂದೆ ಡ್ರಮ್: ತಿರುಗುವ ಬಟ್ಟಲನ್ನು ಒಳಗಿನಿಂದ ಎರಡು ಶೂಗಳು ಒತ್ತುತ್ತವೆ. ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇಲ್ಲ. ಓಡಿದ್ದು ಒಂದು ಲಕ್ಷ ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಮೇಷ್ಟ್ರು ನಿವೃತ್ತರು, ಸ್ವಲ್ಪ ಅಡಿಕೆ ತೋಟವಿದೆ. ಹದಿನೈದು ದಿನಕ್ಕೊಮ್ಮೆ ಹೆಂಡತಿಯನ್ನು ಆಸ್ಪತ್ರೆಗೆ ತೋರಿಸಲು ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗುತ್ತಾರೆ. ಹದಿನಾಲ್ಕು ಹೇರ್‌ಪಿನ್ ತಿರುವುಗಳ ಆ ದಾರಿಯಲ್ಲಿ ದೊಡ್ಡ ಲಾರಿಗಳನ್ನು ಬಿಡುವುದಿಲ್ಲ. ಮಳೆಗಾಲದಲ್ಲಿ ಅಲ್ಲಿ ಇಳಿಯುವವನಿಗೆ ಬ್ರೇಕಿನ ಮೇಲೆ ಅನುಮಾನ ಹುಟ್ಟಿದರೆ ಊರು ಮುಟ್ಟುವವರೆಗೂ ಬೇರೆ ಯೋಚನೆ ಬರುವುದಿಲ್ಲ.

ನನ್ನ ಬಳಿ ಬರುವ ಮೊದಲೇ ಬೇರೊಂದು ಗ್ಯಾರೇಜಿನಲ್ಲಿ ಕೆಲಸ ನಡೆದಿತ್ತು. ಜನವರಿಯಲ್ಲಿ ಹಿಂದಿನ ಬ್ರೇಕ್ ಶೂ ಬದಲಾವಣೆ. ಮಾರ್ಚಿನಲ್ಲಿ ಮುಂದಿನ ಪ್ಯಾಡ್. ಏಪ್ರಿಲಿನಲ್ಲಿ ಹ್ಯಾಂಡ್‌ಬ್ರೇಕ್ ಬಿಗಿ. ಮೇ ತಿಂಗಳಿನಲ್ಲಿ ಬ್ರೇಕ್ ಆಯಿಲ್ ಬದಲಿಸಿ ಕೊಳವೆಯಲ್ಲಿ ಸೇರಿದ ಗಾಳಿ, ಅಂದರೆ ಏರ್ ತೆಗೆದದ್ದು, ಜೂನಿನಲ್ಲಿ ಪೆಡಲ್ ಒತ್ತಿದಾಗ ಎಣ್ಣೆಯನ್ನು ಚಕ್ರಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರ್. ಹಾಕಿದ ಸಾಮಾನುಗಳೆಲ್ಲ ಒಳ್ಳೆಯವೇ. ಆದರೂ ಈ ಪಟ್ಟಿಯನ್ನು ಓದಿದಾಗಲೇ ಒಂದು ವಿಷಯ ಎದ್ದು ಕಾಣುತ್ತದೆ: ಪ್ರತಿ ಸಲವೂ ಕಾರು ಒಳಗೆ ಬಂದಿದೆ, ಒಂದು ಸಾಮಾನು ಬದಲಾಗಿದೆ, ಹೊರಗೆ ಹೋಗಿದೆ. ನಡುವೆ ಯಾರೂ ಏನನ್ನೂ ಅಳೆದಿಲ್ಲ.

ಅಳೆಯುವ ಮೊದಲು ಕಾಲಿನಿಂದ ನೋಡುವ ಪರೀಕ್ಷೆಗಳಿವೆ. ಅವಕ್ಕೆ ಒಂದು ಪೈಸೆಯೂ ಬೇಡ. ಇಂಜಿನ್ ನಿಲ್ಲಿಸಿ ಪೆಡಲನ್ನು ಐದಾರು ಸಲ ಒತ್ತಿ ಕಾಲಿನ ಬಲವನ್ನು ಹೆಚ್ಚಿಸುವ ಬೂಸ್ಟರಿನಲ್ಲಿ ಉಳಿದ ನಿರ್ವಾತವನ್ನು ಖಾಲಿ ಮಾಡಿದೆ. ನಂತರ ಕಾಲನ್ನು ಪೆಡಲಿನ ಮೇಲೆ ಒತ್ತಿ ಹಿಡಿದು ಇಂಜಿನ್ ಚಾಲೂ ಮಾಡಿದರೆ ಪೆಡಲ್ ಸ್ವಲ್ಪ ಕೆಳಗೆ ಇಳಿಯಬೇಕು, ಇಳಿಯಿತು. ಬೂಸ್ಟರ್ ಸರಿ ಇದೆ. ಒಂದು ನಿಮಿಷ ಹಾಗೆಯೇ ಒತ್ತಿ ಹಿಡಿದೆ. ಪೆಡಲ್ ಮೆಲ್ಲಗೆ ಜಾರಿ ನೆಲದ ಕಡೆ ಹೋಗಲಿಲ್ಲ. ಹಾಗೆ ಜಾರಿದ್ದರೆ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ದಾಟಿ ಎಣ್ಣೆ ಹಿಂದಕ್ಕೆ ಬರುತ್ತಿದೆ, ಅಥವಾ ಎಲ್ಲಿಯೋ ಸೋರುತ್ತಿದೆ ಎಂದರ್ಥ. ನಾಲ್ಕು ಚಕ್ರದ ಒಳಬದಿ, ಪೈಪುಗಳ ಕೂಡುಗಳು, ಪೆಡಲಿನ ಹಿಂದಿನ ಕಾರ್ಪೆಟ್ ಎಲ್ಲವೂ ಒಣಗಿದ್ದವು. ಬೂಸ್ಟರ್, ಮಾಸ್ಟರ್ ಸಿಲಿಂಡರ್, ಸೋರಿಕೆ ಈ ಮೂರೂ ಹತ್ತು ನಿಮಿಷದಲ್ಲಿ ಪಟ್ಟಿಯಿಂದ ಹೊರಗೆ ಹೋದವು. ಜೂನಿನಲ್ಲಿ ಯಾರಾದರೂ ಈ ಹತ್ತು ನಿಮಿಷ ಕೊಟ್ಟಿದ್ದರೆ ಮಾಸ್ಟರ್ ಸಿಲಿಂಡರಿನ ದುಡ್ಡು ಮೇಷ್ಟ್ರ ಜೇಬಿನಲ್ಲಿಯೇ ಇರುತ್ತಿತ್ತು.

ಉಳಿದದ್ದು ಇದು. ಮೊದಲ ಒತ್ತಿಗೆ ಪೆಡಲ್ ಮುಕ್ಕಾಲು ದಾರಿ ಇಳಿಯುತ್ತಿತ್ತು. ತಕ್ಷಣ ಎರಡನೆಯ ಸಲ ಒತ್ತಿದರೆ ಅರ್ಧದಲ್ಲಿ ನಿಲ್ಲುತ್ತಿತ್ತು. ಮೂರನೆಯ ಸಲ ಇನ್ನೂ ಮೇಲೆ, ಗಟ್ಟಿಯಾಗಿ. ಕಾಲು ತೆಗೆದು ಅರ್ಧ ನಿಮಿಷ ಬಿಟ್ಟು ಒತ್ತಿದರೆ ಮತ್ತೆ ಮುಕ್ಕಾಲು.

ಇಲ್ಲಿ ನಾನು ಎಡವಿದೆ. ಪಂಪ್ ಮಾಡಿದರೆ ಏರುವ ಪೆಡಲ್ ಕಂಡ ಕೂಡಲೇ ಏರ್ ಎಂದುಕೊಂಡೆ. ಹುಡುಗನನ್ನು ಪೆಡಲಿನ ಮೇಲೆ ಕೂರಿಸಿ ನಾಲ್ಕೂ ಚಕ್ರದಲ್ಲಿ ಗಾಳಿ ಹೊರಬಿಡಲು ಇರುವ ನಿಪ್ಪಲ್ ಬಿಚ್ಚಿ ಏರ್ ತೆಗೆದೆ. ಎಡಗಡೆಯ ಹಿಂದಿನ ಚಕ್ರದಲ್ಲಿ ನಾಲ್ಕಾರು ಗುಳ್ಳೆ ಬಂದವು. ಪೆಡಲ್ ಒಂದಿಷ್ಟು ಸುಧಾರಿಸಿದಂತೆ ಕಂಡಿತು. ಗುಳ್ಳೆ ಕಂಡ ಮೇಲೆ ಸುಧಾರಿಸಿದಂತೆಯೇ ಕಾಣುತ್ತದೆ. ಮರುದಿನ ಬೆಳಗ್ಗೆ ಒತ್ತಿದರೆ ಮುಕ್ಕಾಲು ದಾರಿ. ಇಪ್ಪತ್ತೈದು ವರ್ಷ ಈ ಕೆಲಸ ಮಾಡಿದವನು, ಹಿಂದಿನ ಗ್ಯಾರೇಜಿನವರು ಮೇ ತಿಂಗಳಿನಲ್ಲಿ ಮಾಡಿದ್ದನ್ನೇ ಜುಲೈನಲ್ಲಿ ಮಾಡಿ ಒಂದು ದಿನ ಕಳೆದಿದ್ದೆ.

ಮೇಷ್ಟ್ರು ಹತ್ತು ಗಂಟೆಗೆ ಬಂದರು. ಮಳೆ ನಿಂತಿತ್ತು. ಈ ಸಲ ಅವರನ್ನು ಬೆಂಚಿನ ಮೇಲೆ ಕೂರಿಸಿ ಕೇಳಿದೆ.

"ಮೇಷ್ಟ್ರೇ, ಮೆತ್ತಗೆ ಎಂದಿರಲ್ಲ, ಅದು ಯಾವಾಗ?"

"ಯಾವಾಗಲೂ ಅಲ್ಲವೇನಪ್ಪ. ಬೆಳಗ್ಗೆ ಮನೆಯ ಗೇಟಿನಲ್ಲಿಯೇ ಮೆತ್ತಗೆ ಇರುತ್ತದೆ. ಎರಡು ಸಲ ಒತ್ತಿದರೆ ಸರಿ ಹೋಗುತ್ತದೆ. ಆದರೆ ಘಾಟಿ ಇಳಿದು ಸೋಮೇಶ್ವರ ಮುಟ್ಟುವಾಗ ಆಗುವುದು ಬೇರೆ ಥರ."

"ಬೇರೆ ಥರ ಎಂದರೆ?"

"ಅಲ್ಲಿ ಎಷ್ಟು ಸಲ ಒತ್ತಿದರೂ ಸ್ಪಂಜ್ ಒತ್ತಿದ ಹಾಗೆ. ಮುಂದಿನ ಚಕ್ರದಿಂದ ಸುಟ್ಟ ವಾಸನೆ ಬರುತ್ತದೆ. ಅರ್ಧ ಗಂಟೆ ನಿಲ್ಲಿಸಿ ಟೀ ಕುಡಿದು ಹೊರಟರೆ ಮತ್ತೆ ಬೆಳಗಿನ ಹಾಗೆ ಆಗುತ್ತದೆ. ನಿನ್ನೆಯೇ ಹೇಳಿದ್ದೆನಲ್ಲ!"

ಹೇಳಿದ್ದರಂತೆ. ತಗಡಿನ ಸದ್ದಿನಲ್ಲಿ ಹೋಗಿತ್ತು.

ಒಂದೇ ಪದದಲ್ಲಿ ಎರಡು ದೂರುಗಳಿದ್ದವು. ತಣ್ಣಗಿರುವಾಗ ಕೆಳಗಿಳಿದು, ಪಂಪ್ ಮಾಡಿದರೆ ಮೇಲೆದ್ದು ಗಟ್ಟಿಯಾಗುವ ಪೆಡಲ್ ಒಂದು. ಬಿಸಿಯಾದಾಗ ಪಂಪ್ ಮಾಡಿದರೂ ಸ್ಪಂಜಿನಂತೆಯೇ ಇರುವ ಪೆಡಲ್ ಇನ್ನೊಂದು. ಇವೆರಡನ್ನೂ "ಮೆತ್ತಗೆ" ಎಂದು ಬರೆದುಕೊಂಡು ಒಂದೇ ಕಾರಣ ಹುಡುಕಿದರೆ ಸಿಗುವುದಿಲ್ಲ. ಆರು ತಿಂಗಳಿನಿಂದ ಸಿಕ್ಕಿರಲಿಲ್ಲ.

ಮೊದಲು ಬೆಳಗಿನದನ್ನು ಹಿಡಿದುಕೊಂಡೆ. ಬ್ರೇಕ್ ಎಣ್ಣೆ ಒತ್ತಿದರೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಕೊಳವೆಯಲ್ಲಿ ಗಾಳಿ ಇದ್ದರೆ ಪೆಡಲ್ ಪಂಪಿಗೆ ಏರಿದರೂ ಕೊನೆಯವರೆಗೂ ಸ್ಪ್ರಿಂಗಿನಂತೆ ಆಡುತ್ತಲೇ ಇರುತ್ತದೆ. ಇಲ್ಲಿ ಮೂರನೆಯ ಒತ್ತಿಗೆ ಕಲ್ಲಿನಂತೆ ನಿಲ್ಲುತ್ತಿತ್ತು. ಆ ವ್ಯತ್ಯಾಸವನ್ನು ಹಿಂದಿನ ದಿನವೇ ಗಮನಿಸಬೇಕಿತ್ತು. ಕಲ್ಲಿನಂತೆ ನಿಂತರೆ ಎಣ್ಣೆ ಸರಿ ಇದೆ; ಆದರೆ ಶೂಗಳು ಡ್ರಮ್ಮಿನಿಂದ ದೂರ ಕುಳಿತಿವೆ, ಅಲ್ಲಿಯವರೆಗೆ ನಡೆಯಲು ಬಹಳ ಎಣ್ಣೆ ಬೇಕಾಗುತ್ತಿದೆ. ಮೊದಲ ಒತ್ತಿಗೆ ಶೂ ಅರ್ಧ ದಾರಿ ಹೋಗುತ್ತದೆ. ಸ್ಪ್ರಿಂಗುಗಳು ಅದನ್ನು ಹಿಂದಕ್ಕೆ ಎಳೆದು ಮುಗಿಸುವ ಮೊದಲೇ ಎರಡನೆಯ ಸಲ ಒತ್ತಿದರೆ ಮಾಸ್ಟರ್ ಸಿಲಿಂಡರ್ ತನ್ನ ಎಣ್ಣೆಯ ಡಬ್ಬಿಯಿಂದ ಹೊಸ ಎಣ್ಣೆ ಎಳೆದುಕೊಂಡಿರುತ್ತದೆ, ಶೂ ಅಲ್ಲಿಂದಲೇ ಮುಂದಕ್ಕೆ ಹೊರಡುತ್ತದೆ.

ಎಷ್ಟು ಅಂತರಕ್ಕೆ ಎಷ್ಟು ಪೆಡಲ್ ಎಂಬ ಲೆಕ್ಕ ಮೇಷ್ಟ್ರಿಗೆ ಇಷ್ಟವಾಯಿತು, ಬೆಂಚಿನ ಮೇಲೆ ಸೀಮೆಸುಣ್ಣದಲ್ಲಿ ಅವರೇ ಗುಣಿಸಿದರು. ಶೂಗಳನ್ನು ತಳ್ಳುವ ಚಕ್ರದ ಸಿಲಿಂಡರಿನ ಒಳವ್ಯಾಸ ಸುಮಾರು 17 ಮಿ.ಮೀ. ಅದರ ಪಿಸ್ಟನ್ ಒಂದು ಮಿ.ಮೀ. ಹೆಚ್ಚು ಚಲಿಸಬೇಕೆಂದರೆ 0.23 ಮಿ.ಲೀ. ಎಣ್ಣೆ ಬೇಕು. ಎರಡು ಚಕ್ರಕ್ಕೆ ನಾಲ್ಕು ಪಿಸ್ಟನ್, ಒಟ್ಟು 0.9 ಮಿ.ಲೀ. 20 ಮಿ.ಮೀ. ವ್ಯಾಸದ ಮಾಸ್ಟರ್ ಸಿಲಿಂಡರ್ ಇಷ್ಟು ಎಣ್ಣೆ ತಳ್ಳಲು ಹತ್ತಿರ ಹತ್ತಿರ 3 ಮಿ.ಮೀ. ಚಲಿಸಬೇಕು. ಪೆಡಲ್ ಸನ್ನೆಗೋಲಿನಂತೆ ಅದರ ನಾಲ್ಕು ಪಟ್ಟು ಚಲಿಸುವುದಾದರೆ ಕಾಲಿನಡಿಯಲ್ಲಿ 12 ಮಿ.ಮೀ. ಅಂದರೆ ಒಂದೊಂದು ಪಿಸ್ಟನ್ ಎರಡು ಮಿ.ಮೀ. ಹೆಚ್ಚು ನಡೆದರೂ ಪೆಡಲ್ ಸುಮಾರು ಒಂದು ಅಂಗುಲ ಕೆಳಗೆ ಹೋಗುತ್ತದೆ. "ಹಾಗಾದರೆ ಹೊಸ ಮಾಸ್ಟರ್ ಸಿಲಿಂಡರ್ ಏನು ಮಾಡೀತು?" ಎಂದರು. ಏನೂ ಮಾಡದು.

ಇದನ್ನು ಖಚಿತಪಡಿಸಿಕೊಳ್ಳಲು ಡ್ರಮ್ ಬಿಚ್ಚಬೇಕೆಂದಿಲ್ಲ. ಹ್ಯಾಂಡ್‌ಬ್ರೇಕನ್ನು ಪೂರ್ತಿ ಮೇಲಕ್ಕೆ ಎಳೆದು ಹಿಡಿದು ಪೆಡಲ್ ಒತ್ತಿ ನೋಡುವುದು. ಕೇಬಲ್ ಶೂಗಳನ್ನು ಡ್ರಮ್ಮಿಗೆ ತಾಗಿಸಿ ನಿಲ್ಲಿಸುವುದರಿಂದ ಎಣ್ಣೆಗೆ ನಡೆಸುವ ಕೆಲಸ ಉಳಿಯುವುದಿಲ್ಲ. ಪೆಡಲ್ ಮೊದಲ ಒತ್ತಿಗೇ ಅರ್ಧಕ್ಕಿಂತ ಮೇಲೆ ನಿಂತಿತು, ಗಟ್ಟಿಯಾಗಿ. ಏರ್ ಇದ್ದಿದ್ದರೆ ಹ್ಯಾಂಡ್‌ಬ್ರೇಕ್ ಎಳೆದರೂ ಆ ಗಟ್ಟಿತನ ಬರುತ್ತಿರಲಿಲ್ಲ.

ಆದರೆ ಒಂದು ತೊಡಕು ಎದುರಾಯಿತು. ಹ್ಯಾಂಡ್‌ಬ್ರೇಕ್ ನಾಲ್ಕೇ ಕಟಕಟಕ್ಕೆ ಬಿಗಿಯಾಗುತ್ತಿತ್ತು. ಶೂ ಅಷ್ಟು ದೂರವಿದ್ದರೆ ಲಿವರ್ ಹತ್ತು ಹಲ್ಲು ಏರಬೇಕಿತ್ತು. ನಾಲ್ಕು ಹಲ್ಲು ಎಂದರೆ ಹಿಂದಿನ ಬ್ರೇಕ್ ಹತ್ತಿರದಲ್ಲಿಯೇ ಇದೆ ಎಂದು ಎಂಥವನೂ ಹೇಳುತ್ತಾನೆ. ಹಿಂದಿನ ಗ್ಯಾರೇಜಿನವರು ಹಿಂದಿನ ಚಕ್ರ ಬಿಟ್ಟು ಬೇರೆ ಕಡೆ ಹುಡುಕಲು ಇದೇ ಕಾರಣವಾಗಿರಬೇಕು.

ಏಪ್ರಿಲಿನ ಬಿಲ್ಲು ನೆನಪಾಯಿತು: ಹ್ಯಾಂಡ್‌ಬ್ರೇಕ್ ಬಿಗಿ.

ಕಾರಿನ ಕೆಳಗೆ ಮಲಗಿ ನೋಡಿದರೆ ಕೇಬಲ್ ಹೊಂದಿಸುವ ನಟ್ಟು ದಾರದ ತುದಿಯವರೆಗೂ ಏರಿತ್ತು. ಹ್ಯಾಂಡ್‌ಬ್ರೇಕ್ ಬಿಟ್ಟಾಗಲೂ ಕೇಬಲ್ ವೀಣೆಯ ತಂತಿಯಂತೆ ಬಿಗಿದಿತ್ತು. ನಟ್ಟನ್ನು ಪೂರ್ತಿ ಸಡಿಲಿಸಿದೆ. ಆಗ ಪೆಡಲ್ ಇದ್ದದ್ದಕ್ಕಿಂತಲೂ ಕೆಳಗೆ, ನೆಲಕ್ಕೆ ಎರಡು ಬೆರಳು ಮಾತ್ರ ಇರುವಷ್ಟು ಇಳಿಯಿತು. ಹುಡುಗ ಗಾಬರಿಯಾದ. ನನಗೆ ಸಂತೋಷವಾಯಿತು. ಅಷ್ಟು ದಿನ ಮುಚ್ಚಿಕೊಂಡಿದ್ದ ರೋಗ ಈಗ ತನ್ನ ನಿಜವಾದ ಅಳತೆಯಲ್ಲಿ ಕಾಣುತ್ತಿತ್ತು.

ಶೂ ಸವೆದು ದೂರವಾದಾಗ ಕೇಬಲ್ ಎಳೆದು ಹತ್ತಿರ ತರುವುದು ನಮ್ಮ ಕಸುಬಿನಲ್ಲಿ ಬಹಳ ಹಳೆಯ ದುರಭ್ಯಾಸ. ಗಿರಾಕಿಗೆ ಲಿವರ್ ನಾಲ್ಕೇ ಹಲ್ಲಿಗೆ ನಿಲ್ಲುವುದು ಕಾಣುತ್ತದೆ, ಖುಷಿಯಾಗಿ ಹೋಗುತ್ತಾನೆ. ಡ್ರಮ್ಮಿನೊಳಗೆ ಹ್ಯಾಂಡ್‌ಬ್ರೇಕಿನ ಪುಟ್ಟ ಲಿವರ್ ತನ್ನ ವಿಶ್ರಾಂತಿಯ ಜಾಗಕ್ಕೆ ಮರಳದೆ ಅರ್ಧ ಎಳೆದ ಸ್ಥಿತಿಯಲ್ಲಿಯೇ ಉಳಿಯುತ್ತದೆ. ಅದು ಮರಳಿದರೆ ಮಾತ್ರ ತಾನಾಗಿಯೇ ಅಂತರ ಸರಿಪಡಿಸಿಕೊಳ್ಳುವ ಅಡ್ಜಸ್ಟರ್ ಸರಿಯಾಗಿ ಕೆಲಸ ಮಾಡುವುದು. ಕ್ರಮ ಯಾವಾಗಲೂ ಒಂದೇ: ಕೇಬಲ್ ಸಡಿಲ, ಶೂ ಹೊಂದಾಣಿಕೆ, ಪೆಡಲ್ ನೋಡುವುದು, ಎಲ್ಲಕ್ಕಿಂತ ಕೊನೆಗೆ ಕೇಬಲ್.

ಡ್ರಮ್ ಬಿಚ್ಚಿದೆವು. ಧೂಳನ್ನು ಕಂಪ್ರೆಸರ್ ಗಾಳಿಯಲ್ಲಿ ಹಾರಿಸಲು ಹುಡುಗ ಪೈಪು ತಂದ. ಬೈದು ಒದ್ದೆ ಬಟ್ಟೆ ಕೊಟ್ಟೆ. ಶೂಗಳ ಮೇಲಿನ ಉಜ್ಜುವ ಪದರವಾದ ಲೈನಿಂಗಿನಲ್ಲಿ ಹಿಂದೆ ಆಸ್ಬೆಸ್ಟಾಸ್ ಇರುತ್ತಿತ್ತು, ಇವುಗಳಲ್ಲಿ ಏನಿದೆಯೋ, ಯಾವುದನ್ನೂ ಉಸಿರಾಡುವ ಅಗತ್ಯವಿಲ್ಲ. ಡ್ರಮ್ಮಿನ ಒಳವ್ಯಾಸ 180.7 ಮಿ.ಮೀ. ಇತ್ತು, ಅದರ ಮೇಲೆಯೇ ಅಚ್ಚೊತ್ತಿದ ಗರಿಷ್ಠ ಮಿತಿ 182. ಶೂಗಳ ಲೈನಿಂಗ್ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ಚಕ್ರದ ಸಿಲಿಂಡರುಗಳ ರಬ್ಬರ್ ಟೊಪ್ಪಿ ಎತ್ತಿ ನೋಡಿದರೆ ಒಳಗೆ ಒಣಗಿತ್ತು. ಎಲ್ಲವೂ ಸರಿ. ಆದರೂ ಎಡ ಬಲ ಎರಡೂ ಕಡೆ ಅಡ್ಜಸ್ಟರ್ ಪೂರ್ತಿ ಒಳಕ್ಕೆ ಸೇರಿ ಅತಿ ಗಿಡ್ಡವಾಗಿ ಕುಳಿತಿತ್ತು.

ಈ ಕಾರಿನ ಅಡ್ಜಸ್ಟರ್ ಎಂದರೆ ಎರಡು ಶೂಗಳ ನಡುವೆ ಅಡ್ಡಲಾಗಿ ಕೂರುವ ಒಂದು ಕಡ್ಡಿ. ಅದರ ಮಧ್ಯದಲ್ಲಿ ಹಲ್ಲಿನ ಪುಟ್ಟ ಚಕ್ರ, ತಿರುಗಿದರೆ ಬೋಲ್ಟಿನಂತೆ ಕಡ್ಡಿ ಉದ್ದವಾಗುತ್ತದೆ. ಬ್ರೇಕ್ ಒತ್ತಿ ಶೂ ಅಳತೆ ಮೀರಿ ನಡೆದಾಗ ಒಂದು ತಗಡಿನ ನಾಲಿಗೆ ಆ ಚಕ್ರವನ್ನು ಒಂದು ಹಲ್ಲು ತಿರುಗಿಸುತ್ತದೆ. ಸವೆದಷ್ಟು ಕಡ್ಡಿ ಬೆಳೆಯುತ್ತದೆ. ಬಲಗಡೆಯ ಚಕ್ರದಲ್ಲಿ ಈ ಜೋಡಣೆ ಎಡಗಡೆಯದರ ಕನ್ನಡಿಯ ಬಿಂಬ. ಆದ್ದರಿಂದ ಒಂದರ ದಾರ ಬಲತಿರುವಿನದು, ಇನ್ನೊಂದರದ್ದು ಎಡತಿರುವಿನದು. ನೋಡಲು ಎರಡೂ ಅವಳಿ ಮಕ್ಕಳಂತೆ ಇರುತ್ತವೆ.

ಇಲ್ಲಿ ಅವು ಅದಲುಬದಲಾಗಿದ್ದವು. ಜನವರಿಯಲ್ಲಿ ಶೂ ಹಾಕುವಾಗ ಎರಡೂ ಕಡೆಯದನ್ನು ಒಟ್ಟಿಗೆ ಬಿಚ್ಚಿ ಒಂದೇ ತಟ್ಟೆಯಲ್ಲಿ ಸೀಮೆಎಣ್ಣೆಗೆ ಹಾಕಿ ತೊಳೆದಿರಬೇಕು. ಹೀಗಾಗುವುದು ಸಾಮಾನ್ಯವಾಗಿ ಹಾಗೆಯೇ. ಅದಲುಬದಲಾದ ಮೇಲೆ ನಾಲಿಗೆ ತನ್ನ ಕೆಲಸವನ್ನು ಪ್ರಾಮಾಣಿಕವಾಗಿ ಮಾಡಿದೆ. ಹಲ್ಲು ತಿರುಗಿಸಿದಾಗಲೆಲ್ಲ ಕಡ್ಡಿ ಬೆಳೆಯುವ ಬದಲು ಕುಗ್ಗಿದೆ. ಶೂ ಹಾಕಿದ ದಿನ ಪೆಡಲ್ ಚೆನ್ನಾಗಿತ್ತು, ತಿಂಗಳೊಳಗೆ ಕೆಳಗೆ ಹೋಯಿತು ಎಂದು ಮೇಷ್ಟ್ರು ಹೇಳಿದ್ದಕ್ಕೆ ಇದು ತಾಳೆಯಾಯಿತು. ಏರ್ ಸೇರಿದ್ದರೆ ಶೂ ಹಾಕಿದ ದಿನವೇ ಮೆತ್ತಗಿರಬೇಕಿತ್ತು. ಬ್ರೇಕ್ ಹಾಕಿದಷ್ಟೂ ಬ್ರೇಕ್ ದೂರವಾಗುವ ಕಾರು ಇದು.

ಅಡ್ಜಸ್ಟರುಗಳನ್ನು ತೊಳೆದು, ದಾರಕ್ಕೆ ಶಾಖ ತಾಳುವ ಗ್ರೀಸನ್ನು ಲೇಪದಷ್ಟೇ ಹಚ್ಚಿ, ಅವುಗಳ ಸ್ವಂತ ಮನೆಗೆ ಸೇರಿಸಿದೆ. ಡ್ರಮ್ ಹಾಕಿದಾಗ ಶೂ ಕೇಳಿಯೂ ಕೇಳದಷ್ಟು ಉಜ್ಜುವವರೆಗೆ ಹಲ್ಲಿನ ಚಕ್ರವನ್ನು ಕೈಯಿಂದ ಹೊಂದಿಸಿದೆ. ಕೇಬಲ್ ಇನ್ನೂ ಸಡಿಲವಾಗಿತ್ತು. ಪೆಡಲ್ ಒತ್ತಿದರೆ ಮೊದಲ ಸಲಕ್ಕೇ ಅರ್ಧಕ್ಕಿಂತ ಮೇಲೆ, ಗಟ್ಟಿ. ಕೊನೆಗೆ ಕೇಬಲ್ ಎಳೆದಾಗ ಹ್ಯಾಂಡ್‌ಬ್ರೇಕ್ ಆರು ಹಲ್ಲಿಗೆ ನಿಂತಿತು.

ಬೆಳಗಿನ ಮೆತ್ತನೆ ಮುಗಿಯಿತು. ಮೇಷ್ಟ್ರು ಕೀಲಿಗೆ ಕೈ ಚಾಚಿದರು. ಕೊಡಲಿಲ್ಲ. ಪೆಡಲ್ ಕೆಳಗಿಳಿಯುವುದಕ್ಕೆ ಉತ್ತರ ಸಿಕ್ಕಿತ್ತು. ಮುಂದಿನ ಚಕ್ರ ಸುಡುವುದಕ್ಕೆ ಸಿಕ್ಕಿರಲಿಲ್ಲ. ಶೂ ದೂರವಿದ್ದರೂ, ಪಂಪ್ ಮಾಡಿ ಮುಟ್ಟಿಸಿದ ಮೇಲೆ ಹಿಂದಿನ ಬ್ರೇಕ್ ತನ್ನ ಪಾಲಿನ ಬಲ ಕೊಡಲೇಬೇಕು. ಮೇಷ್ಟ್ರು ಹೇಳುವಂತೆ ಹಿಂದಿನ ಚಕ್ರ ಹಿಡಿಯದೆ ಇರುವುದು ಜನವರಿಗಿಂತ ಮೊದಲಿನ ದೂರು. ಶೂ ಬದಲಿಸಿದ್ದೇ ಅದಕ್ಕಾಗಿ.

ಇದನ್ನು ಪರೀಕ್ಷಿಸಲು ಎಲ್ಲರೂ ಮಾಡುವುದು ಒಂದೇ. ಹಿಂಭಾಗವನ್ನು ಜಾಕ್ ಹಾಕಿ ಎತ್ತುವುದು, ಒಬ್ಬ ಪೆಡಲ್ ಒತ್ತುವುದು, ಇನ್ನೊಬ್ಬ ಚಕ್ರ ತಿರುಗಿಸಲು ನೋಡುವುದು. ಈ ಕಾರಿನಲ್ಲಿ ಆ ಪರೀಕ್ಷೆ ಸುಳ್ಳು ಹೇಳುತ್ತದೆ. ಹಿಂದಿನ ಆಕ್ಸಲ್ಲಿಗೂ ಬಾಡಿಗೂ ನಡುವೆ ಒಂದು ಲೋಡ್ ವಾಲ್ವ್ ಇದೆ. ಹಿಂದೆ ಭಾರ ಇದ್ದರೆ ಬಾಡಿ ತಗ್ಗುತ್ತದೆ, ವಾಲ್ವಿನ ಲಿವರ್ ಒತ್ತುತ್ತದೆ, ಹಿಂದಿನ ಬ್ರೇಕಿಗೆ ಹೆಚ್ಚು ಎಣ್ಣೆಯ ಒತ್ತಡ ಹೋಗುತ್ತದೆ. ಖಾಲಿ ಇದ್ದರೆ ಬಾಡಿ ಏರುತ್ತದೆ, ಒತ್ತಡ ಕಡಿಮೆಯಾಗುತ್ತದೆ. ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ಬಾಗುವುದರಿಂದ ಹಿಂದಿನ ಚಕ್ರ ಹಗುರಾಗುತ್ತದೆ. ಆಗ ಅದು ಮೊದಲೇ ಲಾಕ್ ಆದರೆ ಕಾರು ಬುಗುರಿಯಾಗುತ್ತದೆ. ಅದನ್ನು ತಪ್ಪಿಸಲು ಈ ವಾಲ್ವ್. ಈಗಿನ ಕಾರುಗಳಲ್ಲಿ ಇದೇ ಕೆಲಸವನ್ನು ಎಬಿಎಸ್ ಜೊತೆಗಿನ ಎಲೆಕ್ಟ್ರಾನಿಕ್ ವ್ಯವಸ್ಥೆ ಮಾಡುತ್ತದೆ. ಬಾಡಿಯನ್ನು ಜಾಕ್ ಹಾಕಿ ಎತ್ತಿದರೆ ಆಕ್ಸಲ್ ಜೋತುಬೀಳುತ್ತದೆ, ಹಿಂದೆ ಏನೂ ಭಾರವಿಲ್ಲ ಎಂದು ವಾಲ್ವ್ ತಿಳಿಯುತ್ತದೆ, ಒಳ್ಳೆಯ ಬ್ರೇಕೂ ದುರ್ಬಲವಾಗಿ ಕಾಣುತ್ತದೆ. ಶೂ ಕೆಟ್ಟಿದೆ ಎಂದು ತೀರ್ಮಾನಿಸಿ ಬದಲಿಸುವುದು ಇಲ್ಲಿಂದಲೇ ಆರಂಭವಾಗುತ್ತದೆ. ಎತ್ತಲೇಬೇಕೆಂದರೆ ಸ್ಟ್ಯಾಂಡನ್ನು ಆಕ್ಸಲ್ಲಿನ ಕೆಳಗೆ ಕೊಡಬೇಕು, ಬಾಡಿಯ ಭಾರ ಸ್ಪ್ರಿಂಗಿನ ಮೇಲೆ ಇರಬೇಕು.

ಕಾರನ್ನು ಗುಂಡಿಯ ಮೇಲೆ ನಾಲ್ಕು ಚಕ್ರದಲ್ಲಿ ನಿಲ್ಲಿಸಿ, ಮುಂದಿನ ಒಂದು ನಿಪ್ಪಲಿಗೂ ಹಿಂದಿನ ಒಂದು ನಿಪ್ಪಲಿಗೂ ಒತ್ತಡದ ಮೀಟರ್ ಜೋಡಿಸಿದೆ. ಈ ಜೋಡಿ ಮೀಟರ್ ತಂದು ಹತ್ತು ವರ್ಷವಾಯಿತು, ವರ್ಷಕ್ಕೆ ಐದಾರು ಸಲ ಬಳಸಿದರೆ ಹೆಚ್ಚು. ಆದರೆ ಬಳಸಿದ ದಿನ ಅದರ ಬೆಲೆ ಹುಟ್ಟುತ್ತದೆ. ಹುಡುಗ ಪೆಡಲ್ ಒತ್ತಿದ. ಮುಂದೆ ಚದರ ಸೆಂ.ಮೀ.ಗೆ 80 ಕೆ.ಜಿ. ತೋರಿಸುವಾಗ ಹಿಂದೆ 26. ಕಂಪನಿಯ ಪುಸ್ತಕದ ಕೋಷ್ಟಕದಲ್ಲಿ ಇರಬೇಕಾದದ್ದು 40ಕ್ಕಿಂತ ಮೇಲೆ. ಇನ್ನೊಂದು ಕಡೆಯೂ ಅಷ್ಟೇ. ಇಂಥ ಕಾರುಗಳಲ್ಲಿ ಎಣ್ಣೆಯ ದಾರಿ ಅಡ್ಡಹಾಯ್ದಿರುತ್ತದೆ: ಎಡ ಮುಂದಿನದಕ್ಕೆ ಬಲ ಹಿಂದಿನದು ಜೊತೆ, ಬಲ ಮುಂದಿನದಕ್ಕೆ ಎಡ ಹಿಂದಿನದು. ಹಿಂದಿನ ಎರಡೂ ಚಕ್ರ ಸಮನಾಗಿ ಸೊರಗಿದ್ದರೆ ಎರಡು ದಾರಿಗಳಲ್ಲಿಯೂ ಒಂದೇ ದಿನ ಒಂದೇ ಕೇಡು ಬಂದಿರುವ ಸಾಧ್ಯತೆ ಕಡಿಮೆ. ಮಾಸ್ಟರ್ ಸಿಲಿಂಡರ್ ದಾಟಿದ ಮೇಲೆ ಎರಡೂ ದಾರಿ ಹಾದುಹೋಗುವ ಒಂದೇ ಜಾಗ ಲೋಡ್ ವಾಲ್ವ್.

ಗುಂಡಿಗೆ ಇಳಿದು ಟಾರ್ಚ್ ಹಾಕಿದೆ. ವಾಲ್ವಿನ ಲಿವರ್ ಕೆಂಪುಮಣ್ಣು ಮೆತ್ತಿಕೊಂಡು ತುಕ್ಕು ಹಿಡಿದು ಅಲುಗದೆ ನಿಂತಿತ್ತು. ಕಾರಣದ ಅರ್ಧ ಸಿಕ್ಕಿತು. ಇನ್ನರ್ಧ ಅದರ ಪಕ್ಕದಲ್ಲಿಯೇ ಇತ್ತು. ಹಿಂದಿನ ಎರಡೂ ಕಾಯಿಲ್ ಸ್ಪ್ರಿಂಗುಗಳ ಸುತ್ತುಗಳ ನಡುವೆ ಕಪ್ಪು ರಬ್ಬರಿನ ದಪ್ಪ ಬಳೆ ತುರುಕಿತ್ತು.

"ಮೇಷ್ಟ್ರೇ, ಸ್ಪ್ರಿಂಗಿಗೆ ಈ ರಬ್ಬರ್ ಯಾವಾಗ ಹಾಕಿಸಿದಿರಿ?"

"ಅದಾ? ಹೋದ ವರ್ಷ ಅಡಿಕೆ ಕೊಯ್ಲಿನ ಹೊತ್ತಿಗೆ. ಮೂಟೆ ಹಾಕಿದರೆ ತೋಟದ ದಾರಿಯಲ್ಲಿ ಅಡಿ ತಾಗುತ್ತಿತ್ತು. ಅದಕ್ಕೂ ಬ್ರೇಕಿಗೂ ಏನು ಸಂಬಂಧ?"

"ಹಿಂದಿನ ಬ್ರೇಕ್ ಹಿಡಿಯುವುದಿಲ್ಲ ಎನ್ನಿಸಿದ್ದು ಅದಕ್ಕಿಂತ ಮೊದಲೋ ಆಮೇಲೋ?"

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಆಮೇಲೆ" ಎಂದರು.

ಚಕ್ರದ ಮಧ್ಯದಿಂದ ಮಡ್‌ಗಾರ್ಡಿನ ಅಂಚಿಗೆ ಅಳೆದರೆ ಹಿಂಭಾಗ ಇರಬೇಕಾದದ್ದಕ್ಕಿಂತ 25 ಮಿ.ಮೀ. ಎತ್ತರದಲ್ಲಿತ್ತು. ಇಬ್ಬರು ಕುಳಿತು ಸಾಮಾನು ತುಂಬಿದರೂ ವಾಲ್ವಿನ ಕಣ್ಣಿಗೆ ಕಾರು ಖಾಲಿ. ಘಾಟಿ ಇಳಿಯುವಾಗ ಮೂತಿ ತಗ್ಗಿ ಹಿಂಭಾಗ ಇನ್ನೂ ಏಳುತ್ತದೆ. ಹಿಂದಿನ ಬ್ರೇಕ್ ಬಹುಪಾಲು ರಜೆಯಲ್ಲಿ. ಕಾರನ್ನು ತಡೆಯುವ ಕೆಲಸವೆಲ್ಲ ಮುಂದಿನ ಎರಡು ಡಿಸ್ಕುಗಳ ಮೇಲೆ.

ಇಲ್ಲಿಂದ ಘಾಟಿಯ ಮೆತ್ತನೆಗೆ ದಾರಿ ನೇರವಾಗಿದೆ. ಮುಂದಿನ ಡಿಸ್ಕ್ ಅತಿಯಾಗಿ ಕಾದರೆ ಶಾಖ ಪ್ಯಾಡಿನ ಮೂಲಕ, ಪ್ಯಾಡನ್ನು ಒತ್ತುವ ಕ್ಯಾಲಿಪರಿನ ಎಣ್ಣೆಗೆ ಹೋಗುತ್ತದೆ. ಎಣ್ಣೆ ಕುದಿದರೆ ಹುಟ್ಟುವ ಆವಿ ಗಾಳಿಯಂತೆಯೇ ಕುಗ್ಗುತ್ತದೆ. ಎಷ್ಟು ಪಂಪ್ ಮಾಡಿದರೂ ಸ್ಪಂಜು. ಆರಿದ ಮೇಲೆ ಆವಿ ಮತ್ತೆ ದ್ರವವಾಗುತ್ತದೆ, ಅಷ್ಟರಲ್ಲಿ ಟೀ ಮುಗಿದಿರುತ್ತದೆ. ಮರುದಿನ ಗ್ಯಾರೇಜಿಗೆ ಬಂದರೆ ಏನೂ ಕಾಣುವುದಿಲ್ಲ.

ಎಣ್ಣೆ ಎಷ್ಟು ಬಿಸಿಗೆ ಕುದಿಯುತ್ತದೆ ಎಂಬುದು ಅದರಲ್ಲಿರುವ ನೀರಿನ ಮೇಲೆ ನಿಂತಿದೆ. ಡಾಟ್ 3 ದರ್ಜೆಯ ಹೊಸ ಎಣ್ಣೆ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ತಾಳಬೇಕು, ಶೇಕಡ 3.7ರಷ್ಟು ನೀರು ಸೇರಿದ ಮೇಲೆ ಆ ಕನಿಷ್ಠ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಇವೇ ಅಂಕಿಗಳು 230 ಮತ್ತು 155. ಈ ಎಣ್ಣೆ ಗಾಳಿಯ ತೇವವನ್ನು ಉಪ್ಪಿನಂತೆ ಎಳೆದುಕೊಳ್ಳುತ್ತದೆ. ಮೇಷ್ಟ್ರ ಕಾರಿನಲ್ಲಿ ಎರಡು ತಿಂಗಳ ಹಿಂದೆ ಹಾಕಿದ ಎಣ್ಣೆಯಲ್ಲಿ ನನ್ನ ಪೆನ್ನಿನಂಥ ಮೀಟರ್ ಕೆಂಪು ದೀಪ ತೋರಿಸಿತು. ಆ ಅಗ್ಗದ ಮೀಟರನ್ನು ನಾನು ಪೂರ್ತಿ ನಂಬುವವನಲ್ಲ. ಆದರೆ ಅದೇ ಮೀಟರ್ ಹೊಸದಾಗಿ ಒಡೆದ ಡಬ್ಬಿಯಲ್ಲಿ ಹಸಿರು ತೋರಿಸಿತು. ಮೇ ತಿಂಗಳಿನಲ್ಲಿ ಹಾಕಿದ್ದು ಯಾವಾಗಲೋ ಒಡೆದು ಮುಚ್ಚಳ ಸಡಿಲವಾಗಿಟ್ಟ ಡಬ್ಬಿಯದಾಗಿರಬಹುದು. ನಮ್ಮ ಸೀಮೆಯ ಮಳೆಗಾಲದಲ್ಲಿ ಒಡೆದ ಡಬ್ಬಿಯನ್ನು ಮುಂದಿನ ಗಾಡಿಗೆಂದು ಎತ್ತಿಡುವುದು ಉಪ್ಪಿನಕಾಯಿ ಭರಣಿಯನ್ನು ತೆರೆದಿಟ್ಟಂತೆ. ನಾನು ಚಿಕ್ಕ ಡಬ್ಬಿಗಳನ್ನೇ ತರುತ್ತೇನೆ, ಉಳಿದದ್ದನ್ನು ಚೆಲ್ಲುವ ಲೆಕ್ಕಕ್ಕೆ ಬರೆಯುತ್ತೇನೆ.

ರಬ್ಬರ್ ಬಳೆ ತೆಗೆಸುವುದಕ್ಕೆ ಮೇಷ್ಟ್ರನ್ನು ಒಪ್ಪಿಸುವುದು ಮೀಟರ್ ಓದಿದ್ದಕ್ಕಿಂತ ಕಷ್ಟವಾಯಿತು. ಅಡಿ ತಾಗುತ್ತದೆ ಎಂಬ ಅವರ ದೂರು ನಿಜವೇ. ಬಳೆ ತೆಗೆದು ಅಳೆದರೆ ಹಿಂಭಾಗ ಇರಬೇಕಾದದ್ದಕ್ಕಿಂತ 15 ಮಿ.ಮೀ. ಕೆಳಗೆ ಕುಳಿತಿತ್ತು, ಸ್ಪ್ರಿಂಗುಗಳು ದಣಿದಿದ್ದವು. ಹಾಗೆಯೇ ಬಿಟ್ಟರೆ ಉಲ್ಟಾ ಅಪಾಯ: ಖಾಲಿ ಕಾರನ್ನು ವಾಲ್ವ್ ತುಂಬಿದ ಕಾರು ಎಂದುಕೊಂಡು ಒದ್ದೆ ರಸ್ತೆಯಲ್ಲಿ ಹಿಂದಿನ ಚಕ್ರ ಲಾಕ್ ಮಾಡುತ್ತದೆ. ಕಂಪನಿ ಅಳತೆಯ ಹೊಸ ಸ್ಪ್ರಿಂಗ್ ಜೋಡಿ ತರಿಸಿದೆ. ಮೂಟೆಗೆ ಬಾಡಿಗೆ ಗಾಡಿ ಹಿಡಿಯಲು ಹೇಳಿದೆ. "ವರ್ಷಕ್ಕೆ ನಾಲ್ಕು ಮೂಟೆಗೆ ಬಾಡಿಗೆ ಗಾಡಿಯೇ?" ಎಂದರು. ಅವರ ಹೆಂಡತಿ ಕಾರಿನಿಂದ ಇಳಿಯದೆಯೇ, "ಹೌದು" ಎಂದರು. ಅಲ್ಲಿಗೆ ಮುಗಿಯಿತು.

ವಾಲ್ವಿನ ಲಿವರನ್ನು ಬಿಡಿಸಿ, ಅಲುಗಾಡುವ ಕೀಲಿಗೆ ಗ್ರೀಸ್ ಕೊಟ್ಟೆ. ವಾಲ್ವಿನ ಹೊಂದಾಣಿಕೆಯ ಬೋಲ್ಟನ್ನು ಮುಟ್ಟಲಿಲ್ಲ. ಎತ್ತರ ಸರಿಯಾದ ಮೇಲೆ ಮುಟ್ಟುವ ಅಗತ್ಯವಿದೆಯೇ ಎಂದು ಮೀಟರ್ ಹೇಳುತ್ತದೆ. ಹೇಳಿತು: ಮುಂದೆ 80, ಹಿಂದೆ 43. ಹೊಸ ಡಾಟ್ 4 ಎಣ್ಣೆಯನ್ನು ನಾಲ್ಕು ಚಕ್ರದಲ್ಲಿಯೂ ಹಳೆಯ ಕಂದು ಬಣ್ಣ ಹೋಗುವವರೆಗೆ ಹಾಯಿಸಿದೆ. ಡಾಟ್ 3 ಹಾಕಿದ ಗಾಡಿಗೆ ಡಾಟ್ 4 ಸೇರಿಸಬಹುದು, ಎರಡೂ ಒಂದೇ ಜಾತಿಯವು. ಹೆಸರಿನಲ್ಲಿ ಮುಂದಿನದಾದ ಡಾಟ್ 5 ಮಾತ್ರ ಸಿಲಿಕೋನ್, ಅದನ್ನು ಇವುಗಳ ಜೊತೆ ಬೆರೆಸಬಾರದು. ಕಾದು ಗಾಜಿನಂತೆ ಹೊಳೆಯುತ್ತಿದ್ದ ಮುಂದಿನ ಪ್ಯಾಡುಗಳನ್ನು ಮರಳು ಕಾಗದದಲ್ಲಿ ಉಜ್ಜಿದೆ. ಬದಲಿಸುವಷ್ಟು ಕೆಟ್ಟಿರಲಿಲ್ಲ.

ರಸ್ತೆಯ ಪರೀಕ್ಷೆಗೆ ಮೊದಲು ಜನರಿಲ್ಲದ ಜಲ್ಲಿ ರಸ್ತೆ. ಗಂಟೆಗೆ ಮೂವತ್ತು ಕಿ.ಮೀ. ವೇಗದಲ್ಲಿ ಜೋರಾಗಿ ಒತ್ತಿದೆ. ಹಿಂದಿನ ಬ್ರೇಕಿಗೆ ಬಲ ಮರಳಿಸಿದವನು ಅದು ಅತಿಯಾಗಿಲ್ಲ ಎಂದೂ ನೋಡಬೇಕು. ಮುಂದಿನ ಚಕ್ರದ ಗೆರೆ ಮೊದಲು ಬಿದ್ದಿತ್ತು, ಕಾರು ನೇರವಾಗಿ ನಿಂತಿತು. ಆಮೇಲೆ ಆಗುಂಬೆ. ಎರಡನೆಯ ಗೇರಿನಲ್ಲಿ ಇಳಿದು ಸೋಮೇಶ್ವರದಲ್ಲಿ ನಿಲ್ಲಿಸಿ ಶಾಖ ಅಳೆಯುವ ಗನ್ ಹಿಡಿದೆ. ಕೊರೊನಾ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಗನ್ ಇದಕ್ಕೆ ಆಗುವುದಿಲ್ಲ, ಅದು ಜ್ವರದಾಚೆಗೆ ಎಣಿಸುವುದಿಲ್ಲ. ಕಾರ್ಖಾನೆಯವರು ಬಳಸುವ ಬಗೆಯದು ಬೇಕು. ಮುಂದಿನ ಡಿಸ್ಕುಗಳು 160ರ ಆಸುಪಾಸು, ಹಿಂದಿನ ಡ್ರಮ್ಮುಗಳು 92 ಮತ್ತು 95. ಹಿಂದಿನ ಎರಡೂ ಸಮ, ಅದೇ ನನಗೆ ಮುಖ್ಯ. ಸರಿಪಡಿಸುವ ಮೊದಲು ಇದೇ ಇಳಿಜಾರಿನಲ್ಲಿ ಅಳೆದಿಟ್ಟುಕೊಂಡಿದ್ದರೆ ಹೋಲಿಸಲು ಚೆನ್ನಾಗಿರುತ್ತಿತ್ತು. ಆ ಬ್ರೇಕಿನಲ್ಲಿ ಇಳಿಯುವ ಧೈರ್ಯ ನನಗಿರಲಿಲ್ಲ.

ಬಿಲ್ಲಿನಲ್ಲಿ ದೊಡ್ಡ ಮೊತ್ತ ಸ್ಪ್ರಿಂಗಿನದು. ಅಡ್ಜಸ್ಟರುಗಳಿಗೆ ಬರೆದದ್ದು ಕೂಲಿ ಮಾತ್ರ. ಏರ್ ತೆಗೆದ ಮೊದಲ ದಿನಕ್ಕೆ ಏನೂ ಬರೆಯಲಿಲ್ಲ.

ಮೂರು ತಿಂಗಳಾದ ಮೇಲೆ ನವರಾತ್ರಿಯ ಪೂಜೆಗೆ ಕಾರು ತೊಳೆಸಲು ಬಂದಿದ್ದರು. ಹ್ಯಾಂಡ್‌ಬ್ರೇಕ್ ಎಣಿಸಿದೆ, ಆರು ಹಲ್ಲು. ಪೆಡಲ್ ಮೊದಲ ಒತ್ತಿಗೆ ಇದ್ದಲ್ಲಿಯೇ ಇತ್ತು. ಒಂದು ದೂರು ಮಾತ್ರ ಉಳಿದಿದೆ: ರಾತ್ರಿ ಮಳೆ ಬಂದಿದ್ದರೆ ಬೆಳಗ್ಗೆ ಮೊದಲ ಎರಡು ಬ್ರೇಕಿಗೆ ಹಿಂದಿನಿಂದ ಕರ್ ಎಂದು ಸದ್ದು ಬರುತ್ತದಂತೆ. ಡ್ರಮ್ಮಿನೊಳಗೆ ತೆಳುವಾಗಿ ಹಿಡಿದ ತುಕ್ಕು ಉಜ್ಜಿ ಹೋಗುವ ಸದ್ದು ಅದು. ಹಿಂದಿನ ಬ್ರೇಕ್ ಹಿಡಿಯುತ್ತಿರುವುದಕ್ಕೇ ಕೇಳಿಸುತ್ತಿದೆ, ಹೋದ ವರ್ಷ ಅದೂ ಇರಲಿಲ್ಲವಲ್ಲ ಎಂದೆ.